ಒಂದೇ ಕೈಯಲ್ಲಿ ಕನ್ನಡ ಟೈಪಿಂಗ್: ಶಿಫ್ಟ್ ಕೀ ಕಾಟಕ್ಕೆ ಏನಾದರೂ ದಾರಿ ಇದೆಯಾ?

ತಿಪಟೂರು ಡಿಟಿಪಿ

ಎಲ್ಲರಿಗೂ ನಮಸ್ಕಾರ. ನಮ್ಮದು ತಿಪಟೂರಿನಲ್ಲಿ ಜೆರಾಕ್ಸ್, ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಕರಪತ್ರ, ಅರ್ಜಿ, ಕ್ರಯಪತ್ರದ ಡ್ರಾಫ್ಟು, ಇಂಥ ಕೆಲಸ. ಅಂಗಡಿಯಲ್ಲಿ ನನಗಿಂತ ಚೆನ್ನಾಗಿ ಟೈಪ್ ಮಾಡುತ್ತಿದ್ದವನು ನನ್ನ ತಮ್ಮ. ಹೋದ ವರ್ಷ ಬೈಕಿನಿಂದ ಬಿದ್ದ. ಮೂಳೆ ಕೂಡಿಕೊಂಡಿತು. ಆದರೆ ಕುತ್ತಿಗೆಯಿಂದ ತೋಳಿಗೆ ಹೋಗುವ ನರಕ್ಕೆ ಪೆಟ್ಟಾಗಿ ಬಲಗೈ ಜೋತುಬಿದ್ದಿದೆ. ಈಗ ಎಡಗೈ ಒಂದೇ.

ಎರಡು ವಾರದಿಂದ ಮತ್ತೆ ಅಂಗಡಿಗೆ ಬರುತ್ತಿದ್ದಾನೆ. ಒಂದೊಂದೇ ಅಕ್ಷರ ಒತ್ತುವುದು ಅವನಿಗೆ ಕಷ್ಟ ಇಲ್ಲ, ನಿಧಾನ ಅಷ್ಟೆ. ತೊಂದರೆ ಇರುವುದು ಶಿಫ್ಟ್‌ನಲ್ಲಿ. ನಾವು ಬಳಸುವುದು ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್. 'ಳ' ಬೇಕಾದರೆ ಶಿಫ್ಟ್ ಹಿಡಿದು ಎಲ್ ಒತ್ತಬೇಕು. 'ಕಾ' ಬೇಕಾದರೆ ಕೆ ಒತ್ತಿ, ಆಮೇಲೆ ಶಿಫ್ಟ್ ಹಿಡಿದು ಎ. ದೀರ್ಘಕ್ಕೆ ಶಿಫ್ಟ್, ಮಹಾಪ್ರಾಣಕ್ಕೆ ಶಿಫ್ಟ್. ಇಂಗ್ಲಿಷಿನ ಹಾಗೆ ವಾಕ್ಯಕ್ಕೊಂದು ಸಲ ಅಲ್ಲ, ಪದಕ್ಕೊಂದು ಸಲ. ಪ್ರಿಂಟ್ ಕೊಡೋಣ ಅಂದರೆ ಕಂಟ್ರೋಲ್ ಈ ತುದಿಗೆ, ಪಿ ಆ ತುದಿಗೆ. ಮೊನ್ನೆ ಬಗ್ಗಿ ಗದ್ದದಲ್ಲಿ ಶಿಫ್ಟ್ ಒತ್ತಿಕೊಂಡು ಟೈಪ್ ಮಾಡುತ್ತಿದ್ದ. ಗಿರಾಕಿ ಎದುರಿಗೇ. ನನಗೆ ನೋಡಕ್ಕಾಗಲಿಲ್ಲ.

ಒಂಟಿ ಕೈಯವರಿಗೆ ಅಂತಲೇ ಬೇರೆ ಕೀಬೋರ್ಡ್ ಸಿಗುತ್ತದಾ? ಬೆಂಗಳೂರಿಗೇ ಹೋಗಬೇಕಾ? ಎಷ್ಟಾಗಬಹುದು?

ಮಧುಗಿರಿ ರಿಪೇರಿ

ಅಣ್ಣಾ, ಸುಮ್ನೆ ದುಡ್ಡು ಹಾಕಬೇಡಿ. ನಿಮಗೆ ಬೇಕಾಗಿರುವುದು ಆ ಕಂಪ್ಯೂಟರಿನಲ್ಲೇ ಇದೆ. ಶಿಫ್ಟ್ ಕೀಯನ್ನು ಪಟಪಟ ಅಂತ ಐದು ಸಲ ಒತ್ತಿ. ಸ್ಟಿಕಿ ಕೀಸ್ ಆನ್ ಮಾಡಬೇಕಾ ಅಂತ ಒಂದು ಬಾಕ್ಸ್ ಬರುತ್ತದೆ. ಎಸ್ ಕೊಡಿ.

ಆಮೇಲೆ ಶಿಫ್ಟ್ ಹಿಡಿದುಕೊಳ್ಳುವ ಕೆಲಸವೇ ಇಲ್ಲ. ಒಂದು ಸಲ ಶಿಫ್ಟ್ ಒತ್ತಿ ಬಿಟ್ಟುಬಿಡಬೇಕು. ಮುಂದೆ ಒತ್ತುವ ಒಂದು ಅಕ್ಷರಕ್ಕೆ ಮಾತ್ರ ಶಿಫ್ಟ್ ತಾನೇ ಹತ್ತಿಕೊಳ್ಳುತ್ತದೆ. ಕಂಟ್ರೋಲ್, ಆಲ್ಟ್, ವಿಂಡೋಸ್ ಕೀಗೂ ಹೀಗೇ. ಕಂಟ್ರೋಲ್ ಒತ್ತಿ ಬಿಡಿ, ಆರಾಮವಾಗಿ ಪಿ ಹುಡುಕಿ ಒತ್ತಿ, ಪ್ರಿಂಟ್ ಬಾಕ್ಸ್ ಬರುತ್ತದೆ. ಕಂಟ್ರೋಲ್, ಆಲ್ಟ್, ಡಿಲೀಟ್ ಮೂರನ್ನೂ ಒಂದಾದ ಮೇಲೆ ಒಂದು ಒತ್ತಬಹುದು. ಒಂದೇ ಕೀಯನ್ನು ಎರಡು ಸಲ ಒತ್ತಿದರೆ ಅದು ಲಾಕ್ ಆಗಿ ಕೂರುತ್ತದೆ, ಮೂರನೇ ಸಲಕ್ಕೆ ಬಿಡುತ್ತದೆ.

ವಿಂಡೋಸ್ ಕೀ ಜತೆ ಯು ಒತ್ತಿದರೆ ಇದರ ಸೆಟ್ಟಿಂಗ್ಸ್ ಪೂರ್ತಿ ತೆರೆಯುತ್ತದೆ. ಅಲ್ಲಿ ಕೀಬೋರ್ಡ್ ಅನ್ನುವ ಕಡೆ ಹೋಗಿ ನೋಡಿ.

ಬಂಗಾರಪೇಟೆ ಗೇಮರ್

ಅಯ್ಯೋ, ಅದು ಇದಕ್ಕಾ ಇರೋದು? ಗೇಮ್‌ನಲ್ಲಿ ಓಡಲು ಶಿಫ್ಟ್ ಜಾಸ್ತಿ ಒತ್ತುತ್ತೇವೆ. ಸರಿಯಾಗಿ ಸಾಯುವ ಹೊತ್ತಿಗೆ ಆ ಬಾಕ್ಸ್ ಎದ್ದು ನಿಲ್ಲುತ್ತದೆ. ನಾನಂತೂ ನಮ್ಮ ಏರಿಯಾದ ಸೈಬರ್ ಸೆಂಟರಿನ ಎಂಟೂ ಸಿಸ್ಟಮ್‌ನಲ್ಲಿ ಅದು ಬರದ ಹಾಗೆ ಆಫ್ ಮಾಡಿಟ್ಟಿದ್ದೇನೆ. ವೈರಸ್ ಅಂತ ಹೇಳಿದ್ದೆ ಓನರ್‌ಗೆ.

ಮಧುಗಿರಿ ರಿಪೇರಿ

ಶಾಬಾಷ್. ನಾಳೆ ಹೋಗಿ ಎಂಟನ್ನೂ ವಾಪಸ್ ಆನ್ ಮಾಡಿ ಬಾ ತಮ್ಮ.

ಇದು ಇವತ್ತಿನದಲ್ಲ. ವಿಂಡೋಸ್ 95ರಿಂದ ಪ್ರತಿ ಕಂಪ್ಯೂಟರಿನಲ್ಲೂ ಬಂದಿದೆ. ಅದಕ್ಕೂ ಮೊದಲು, ವಿಂಡೋಸಿಗಿಂತ ಹಳೆಯ ಡಾಸ್ ಕಾಲದಲ್ಲಿ, ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಟ್ರೇಸ್ ಸೆಂಟರಿನವರು ಆಕ್ಸೆಸ್ ಡಾಸ್ ಅಂತ ಇಂಥದ್ದೇ ಒಂದು ಸಾಫ್ಟ್‌ವೇರ್ ಮಾಡಿದ್ದರು. ಶಿಫ್ಟ್ ಐದು ಸಲ ಒತ್ತುವ ಉಪಾಯ ಯಾಕೆ ಗೊತ್ತಾ? ಮೌಸ್ ಹಿಡಿಯಲು ಆಗದವನು ಸೆಟ್ಟಿಂಗ್ಸ್ ತನಕ ಹೋಗುವುದು ಹೇಗೆ? ಕೂತ ಜಾಗದಲ್ಲೇ ಒಂದು ಬೆರಳಲ್ಲಿ ಆನ್ ಆಗಬೇಕು, ಅದಕ್ಕೆ. ಲಾಗಿನ್ ಸ್ಕ್ರೀನಿನಲ್ಲೂ ಕೆಲಸ ಮಾಡುತ್ತದೆ. ಪಾಸ್‌ವರ್ಡ್‌ನಲ್ಲಿ ದೊಡ್ಡ ಅಕ್ಷರ ಇದ್ದರೆ ಬೇಕಲ್ಲ.

ಹಳೇ ಟೈಪಿಸ್ಟ್, ಕೋಲಾರ

ಮೂವತ್ತು ವರ್ಷ ಟೈಪ್‌ರೈಟರ್ ಕುಟ್ಟಿ ರಿಟೈರ್ ಆದವನು ನಾನು. ನಮ್ಮ ಮೆಷಿನ್ನಲ್ಲೂ ಶಿಫ್ಟ್ ಲಾಕ್ ಇರುತ್ತಿತ್ತು, ಕಿರುಬೆರಳು ನೋಯುತ್ತಿತ್ತು ಅಂತ ಆಗಾಗ ಅದನ್ನು ಹಾಕಿಕೊಳ್ಳುತ್ತಿದ್ದೆವು. ಈ ಸ್ಟಿಕಿ ಅನ್ನುವುದು ಅದಕ್ಕಿಂತ ಜಾಣ, ಒಂದು ಅಕ್ಷರ ಮುಗಿದ ತಕ್ಷಣ ತಾನೇ ಇಳಿಯುತ್ತದೆ.

ಆದರೆ ಯಜಮಾನ್ರೇ, ಶಿಫ್ಟ್ ಒತ್ತುವುದನ್ನೇ ಕಮ್ಮಿ ಮಾಡಬಹುದಲ್ವಾ? ನುಡಿಯಲ್ಲಿರುವುದು ಕೆ.ಪಿ. ರಾವ್ ಅವರ ವಿನ್ಯಾಸ. ಉಚ್ಚಾರಣೆ ಪ್ರಕಾರ, ಕಲಿಯಲು ಸುಲಭ, ಒಪ್ಪಿದೆ. ವಿಂಡೋಸಿನಲ್ಲೇ ಬರುವ ಇನ್ನೊಂದು ಕನ್ನಡ ಕೀಲಿ ವಿನ್ಯಾಸ ಇನ್‌ಸ್ಕ್ರಿಪ್ಟ್ ಬೇರೆ ಥರ. ಅಲ್ಲಿ ಕಾಗುಣಿತದ ಗುರುತುಗಳಿಗೆ ಶಿಫ್ಟ್ ಬೇಡ, ದೀರ್ಘಕ್ಕೂ ಬೇಡ. ನಮ್ಮ ಮೂರು ಜಿಲ್ಲೆಯ ಹೆಸರನ್ನೇ ಎಣಿಸಿ ನೋಡಿದೆ. 'ತುಮಕೂರು' ನುಡಿಯಲ್ಲಿ ಒಂದು ಶಿಫ್ಟ್, ಇನ್‌ಸ್ಕ್ರಿಪ್ಟ್‌ನಲ್ಲಿ ಸೊನ್ನೆ. 'ಕೋಲಾರ' ನುಡಿಯಲ್ಲಿ ಎರಡು, ಇಲ್ಲಿ ಸೊನ್ನೆ. 'ಚಿಕ್ಕಬಳ್ಳಾಪುರ' ಅಲ್ಲಿ ಮೂರು, ಇಲ್ಲಿ ಎರಡು, ಅದೂ 'ಳ' ಎರಡು ಸಲ ಬರುವುದರಿಂದ.

ಮಹಾಪ್ರಾಣಕ್ಕೆ ಶಿಫ್ಟ್ ತಪ್ಪಿದ್ದಲ್ಲ. ಪದದ ಮೊದಲಲ್ಲಿ ಸ್ವರ ಬಂದರೂ ಬೇಕು, ಅಂದರೆ 'ಅರ್ಜಿ', 'ಆಸ್ತಿ', 'ಇಲಾಖೆ' ಇವಕ್ಕೆಲ್ಲ. ಆದರೂ ಒಟ್ಟಿನಲ್ಲಿ ಬಹಳ ಕಮ್ಮಿ.

ರೇಷ್ಮೆಗೂಡು, ಶಿಡ್ಲಘಟ್ಟ

ಸರ್, ಇನ್‌ಸ್ಕ್ರಿಪ್ಟ್‌ನಲ್ಲಿ ಸ್ವರ ಎಲ್ಲ ಎಡಗೈಗೆ, ವ್ಯಂಜನ ಬಹುಪಾಲು ಬಲಗೈಗೆ. 1986ರಲ್ಲಿ ಅದನ್ನು ಮಾಡಿದ್ದೇ ಎರಡು ಕೈಯೂ ಸರದಿಯಲ್ಲಿ ಕೆಲಸ ಮಾಡಲಿ ಅಂತ. ಒಂದೇ ಕೈ ಇರುವವನು 'ಕಿ' ಅಂತ ಬರೆಯಲೂ ಆ ಕಡೆಯಿಂದ ಈ ಕಡೆಗೆ ಓಡಬೇಕು. ನೇಯುವವನ ಲಾಳಿ ಥರ.

ಹಳೇ ಟೈಪಿಸ್ಟ್, ಕೋಲಾರ

ಇದು ನನಗೆ ಹೊಳೆದಿರಲಿಲ್ಲ. ಎರಡು ಕೈ ಇದ್ದವನ ಲೆಕ್ಕ ಹಾಕಿಬಿಟ್ಟೆ.

ತಿಪಟೂರು ಡಿಟಿಪಿ

ಐದು ಸಲ ಒತ್ತಿದೆವು. ಬಂತು! ನುಡಿಯಲ್ಲೂ ನಡೆಯುತ್ತಿದೆ. ತಮ್ಮ ಮೊದಲು ಟೈಪ್ ಮಾಡಿದ್ದು 'ಕಾಫಿ ತಗೊಂಡು ಬಾ'.

ಹಳೇ ಟೈಪಿಸ್ಟ್ ಸರ್, ಇನ್‌ಸ್ಕ್ರಿಪ್ಟ್ ನಮಗೆ ಇನ್ನೊಂದು ಕಾರಣಕ್ಕೂ ಆಗಲ್ಲ. ನಮ್ಮ ಕೆಲಸ ಎಲ್ಲ ಪುಟ ಜೋಡಿಸುವ ಹಳೇ ಸಾಫ್ಟ್‌ವೇರ್ ಪೇಜ್‌ಮೇಕರ್‌ನಲ್ಲಿ. ಇನ್‌ಸ್ಕ್ರಿಪ್ಟ್‌ನಲ್ಲಿ ಹೊಡೆದರೆ ಬರುವುದು ಯೂನಿಕೋಡ್, ಅಂದರೆ ಈಗಿನ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಕನ್ನಡ ಅಕ್ಷರ. ಪೇಜ್‌ಮೇಕರ್‌ಗೆ ಅದು ಗೊತ್ತಿಲ್ಲ. ಹಳೇ ನುಡಿ ಫಾಂಟೇ ಬೇಕು. ಹದಿನೈದು ವರ್ಷದ ಲಗ್ನಪತ್ರಿಕೆ ಮಾದರಿಗಳು ಅದರಲ್ಲೇ ಕೂತಿವೆ.

ಕಿವಿಯಲ್ಲೇ ಓದುವವನು, ಮುಳಬಾಗಿಲು

ಬೇಜಾರು ಮಾಡಿಕೊಳ್ಳಬೇಡಿ ಡಿಟಿಪಿ ಅಣ್ಣ, ಒಂದು ಮಾತು. ನನಗೆ ಕಣ್ಣು ಕಾಣುವುದಿಲ್ಲ. ಎನ್‌ವಿಡಿಎ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಸ್ಕ್ರೀನಿನಲ್ಲಿರುವುದನ್ನು ಓದಿ ಹೇಳುತ್ತದೆ, ಕನ್ನಡವನ್ನೂ ಓದುತ್ತದೆ. ಆಸ್ಟ್ರೇಲಿಯಾದ ಕುರುಡರೊಬ್ಬರು 2006ರಲ್ಲಿ ಶುರು ಮಾಡಿದ್ದು ಅದು, ಆಮೇಲೆ ಇನ್ನೊಬ್ಬ ಕುರುಡರು ಜತೆಗೂಡಿದರು. ಆದರೆ ಹಳೇ ನುಡಿ ಫಾಂಟಿನ ಫೈಲ್ ಬಂದರೆ ಅದು ಕನ್ನಡ ಓದುವುದಿಲ್ಲ, ಏನೇನೋ ಇಂಗ್ಲಿಷ್ ಅಕ್ಷರ, ಚಿಹ್ನೆ ಒದರುತ್ತದೆ. ಆ ಫಾಂಟಿನಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರಗಳೇ, ಮೇಲೆ ಕನ್ನಡದ ಆಕಾರ ಹೊದಿಸಿರುತ್ತಾರೆ ಅಷ್ಟೆ. ಗೆಳೆಯನ ಮದುವೆ ಪತ್ರಿಕೆಯನ್ನು ಆ ಥರ ಫೈಲಾಗಿ ಕಳಿಸಿದ್ದರು. ಮುಹೂರ್ತ ಯಾವಾಗ ಅಂತ ಫೋನ್ ಮಾಡಿ ಕೇಳಬೇಕಾಯಿತು. ಪ್ರಿಂಟಿಗೆ ಪೇಜ್‌ಮೇಕರ್ ಇರಲಿ. ವಾಟ್ಸಾಪಿಗೆ ಕಳಿಸುವಾಗ ವಿಷಯವನ್ನು ಯೂನಿಕೋಡಿನಲ್ಲಿ ನಾಲ್ಕು ಸಾಲು ಹಾಕಿ.

ಕೀಬೋರ್ಡ್ ವಿಷಯಕ್ಕೆ ಬಂದರೆ, ನನಗೆ ದಿನಾ ಬೇಕಾಗುವುದು ಟಾಗಲ್ ಕೀಸ್. ನಮ್ ಲಾಕ್ ಕೀಯನ್ನು ಐದು ಸೆಕೆಂಡ್ ಒತ್ತಿ ಹಿಡಿದರೆ ಆನ್ ಆಗುತ್ತದೆ. ಆಮೇಲೆ ಕ್ಯಾಪ್ಸ್ ಲಾಕ್ ಹತ್ತಿದರೆ ಒಂದು ಏರು ದನಿ, ಆರಿದರೆ ಇಳಿ ದನಿ. ಕಾಣುವವರು ಮೂಲೆಯ ದೀಪ ನೋಡುತ್ತಾರೆ. ನನಗೆ ಆ ದೀಪ ಇದ್ದೂ ಇಲ್ಲ.

ಒಂದು ಎಚ್ಚರ. ಸ್ಟಿಕಿ ಕೀಸ್ ಹಿಡಿದಿಡುವುದು ಶಿಫ್ಟ್, ಕಂಟ್ರೋಲ್, ಆಲ್ಟ್, ವಿಂಡೋಸ್ ಈ ನಾಲ್ಕನ್ನು ಮಾತ್ರ. ಎನ್‌ವಿಡಿಎ ಆಜ್ಞೆಗಳಿಗೆ ಇನ್ಸರ್ಟ್ ಕೀ ಹಿಡಿಯಬೇಕು, ಅದು ಇದರಲ್ಲಿ ಬರುವುದಿಲ್ಲ. ಕಣ್ಣೂ ಕಾಣದೆ ಕೈಯೂ ಒಂದೇ ಆದವರು ಇನ್ಸರ್ಟ್ ಬದಲು ಕ್ಯಾಪ್ಸ್ ಲಾಕ್ ಇಟ್ಟುಕೊಳ್ಳಬಹುದು. ಎಡಗೈಗೆ ಹತ್ತಿರ.

ತಿಪಟೂರು ಡಿಟಿಪಿ

ಬೇಜಾರೇನಿಲ್ಲ ಅಣ್ಣ. ಫೈಲ್ ಕಳಿಸುವಾಗ ಇದನ್ನು ಯೋಚನೆಯೇ ಮಾಡಿರಲಿಲ್ಲ. ಇನ್ನು ಹಾಕುತ್ತೇವೆ.

ಮೇಷ್ಟ್ರ ಮಗಳು, ಗುಬ್ಬಿ

ನಮ್ಮ ತಂದೆ ನಿವೃತ್ತ ಮೇಷ್ಟ್ರು. ಪಾರ್ಕಿನ್ಸನ್ಸ್‌ನಿಂದ ಕೈ ನಡುಗುತ್ತದೆ. ಆದರೂ ಸಂಘದ ಲೆಕ್ಕಪತ್ರ, ನಡಾವಳಿ ಎಲ್ಲ ಅವರೇ ಟೈಪ್ ಮಾಡಬೇಕು, ನಮ್ಮ ಕೈಗೆ ಕೊಡುವುದಿಲ್ಲ. ಒಂದು 'ಕ' ಒತ್ತಿದರೆ ಸ್ಕ್ರೀನಿನಲ್ಲಿ 'ಕಕಕಕ'. ಅಳಿಸಲು ಹೋದರೆ ಇಡೀ ಸಾಲೇ ಮಾಯ. ಸ್ಟಿಕಿ ಕೀಸ್ ಇದಕ್ಕೆ ಆಗುತ್ತದಾ?

ರೇಷ್ಮೆಗೂಡು, ಶಿಡ್ಲಘಟ್ಟ

ಇಲ್ಲ ಅಕ್ಕ, ನಿಮಗೆ ಬೇಕಾದದ್ದು ಫಿಲ್ಟರ್ ಕೀಸ್. ಅದನ್ನು ಕಲಿತದ್ದಕ್ಕೆ ನಾನು ದಂಡ ಕಟ್ಟಿದ್ದೇನೆ, ಕೇಳಿ.

ನಾನು ಗೂಡಿನ ವ್ಯಾಪಾರಿ ಒಬ್ಬರ ಹತ್ತಿರ ಲೆಕ್ಕ ಬರೆಯುತ್ತೇನೆ. ಒಂದು ದಿನ ಯೋಚಿಸುತ್ತಾ ಕೂತಾಗ ಬೆರಳು ಬಲಗಡೆಯ ಶಿಫ್ಟ್ ಮೇಲೇ ಇತ್ತಂತೆ. ಏನೋ ಬಾಕ್ಸ್ ಬಂತು, ಎಂಟರ್ ಒತ್ತಿಬಿಟ್ಟೆ. ಅಲ್ಲಿಂದ ಕೀಬೋರ್ಡ್ ಸತ್ತ ಹಾಗೆ. ಬೇಗ ಬೇಗ ಒತ್ತಿದರೆ ಅಕ್ಷರವೇ ಬೀಳುತ್ತಿರಲಿಲ್ಲ. ಒಂದು ಅಂಗಡಿಗೆ ತಗೊಂಡು ಹೋದೆ. ಕೀಬೋರ್ಡ್ ಹೋಗಿದೆ ಅಂದರು, 650 ರೂಪಾಯಿಗೆ ಹೊಸದು ಕೊಟ್ಟರು. ತಂದು ಹಾಕಿದರೆ ಅದೂ ಹಾಗೇ! ಆಮೇಲೆ ಪಕ್ಕದ ಮನೆ ಹುಡುಗಿ ಬಂದು, ಬಲಗಡೆ ಶಿಫ್ಟನ್ನು ಎಂಟು ಸೆಕೆಂಡ್ ಒತ್ತಿ ಹಿಡಿದಳು. ಟುಯ್ ಅಂತು, ಸರಿಹೋಯಿತು. ಹಳೇ ಕೀಬೋರ್ಡ್ ಈಗಲೂ ಅಟ್ಟದಲ್ಲಿದೆ, ಅದರಲ್ಲಿ ಏನೂ ದೋಷ ಇಲ್ಲ.

ನನಗೆ ಕಾಟ ಆದದ್ದು ನಿಮ್ಮ ತಂದೆಗೆ ವರ ಆಗಬಹುದು. ಅದರಲ್ಲಿ ಒಂದು ಬಗೆ ಅಂದರೆ, ಅಪ್ಪಿತಪ್ಪಿ ತಾಗಿದ ಕೀಯನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಮಾತ್ರ ಅಕ್ಷರ ಬೀಳುತ್ತದೆ. ಅದು ಸ್ಲೋ ಕೀಸ್. ಇನ್ನೊಂದು ಬೌನ್ಸ್ ಕೀಸ್. ಒಂದೇ ಕೀಯನ್ನು ತಟತಟ ಅಂತ ಎರಡು ಸಲ ಒತ್ತಿದರೆ ಎರಡನೆಯದನ್ನು ಬಿಟ್ಟುಬಿಡುತ್ತದೆ. ಕೀ ಒತ್ತಿ ಹಿಡಿದಾಗ ಸಾಲುಸಾಲು 'ಕಕಕಕ' ಬರುತ್ತದಲ್ಲ, ಅದನ್ನೂ ಅಲ್ಲೇ ನಿಲ್ಲಿಸಬಹುದು ಅಥವಾ ನಿಧಾನ ಮಾಡಬಹುದು. ಎಷ್ಟು ಹೊತ್ತು ಅನ್ನುವುದನ್ನು ನಾವೇ ಆರಿಸಬೇಕು. ಮೊದಲೇ ಇರುವ ಸಮಯ ಎಲ್ಲರಿಗೂ ಸರಿಹೋಗುವುದಿಲ್ಲ.

ಮೇಷ್ಟ್ರ ಮಗಳು, ಗುಬ್ಬಿ

ನಾಲ್ಕು ದಿನ ನೋಡಿ ಬರೆಯುತ್ತಿದ್ದೇನೆ. ಸ್ಲೋ ಕೀಸ್ ಹಾಕಿದೆವು. ಅಪ್ಪನಿಗೆ ಸಿಟ್ಟು ಬಂತು. ಒತ್ತಿ ಹಿಡಿದುಕೊಂಡು ಕಾಯುವಾಗ ಕೈ ಇನ್ನೂ ಜಾಸ್ತಿ ನಡುಗುತ್ತದೆ ಅಂದರು. ತೆಗೆದು ಬೌನ್ಸ್ ಕೀಸ್ ಅರ್ಧ ಸೆಕೆಂಡಿಗೆ ಇಟ್ಟೆವು. ಇದು ಒಪ್ಪಿಗೆಯಾಯಿತು.

ಒಂದು ತಮಾಷೆ ಆಯಿತು. ಒತ್ತಕ್ಷರಕ್ಕೆ ಏನೂ ತೊಂದರೆ ಇಲ್ಲ, ಯಾಕೆಂದರೆ 'ಅಪ್ಪ' ಅನ್ನುವಾಗ ಎರಡು ಪಿ ಮಧ್ಯೆ ಒತ್ತಿಗೆ ಎಫ್ ಬಂದುಬಿಡುತ್ತದೆ. ಆದರೆ 'ನನಗೆ' ಅಂತ ಹೊಡೆದರೆ ಎರಡನೇ 'ನ' ನುಂಗಿಬಿಡುತ್ತದೆ. ಸಂಘದ ಅಧ್ಯಕ್ಷರಿಗೆ ಹೋದ ಪತ್ರದಲ್ಲಿ 'ನಗೆ ಈ ಬಗ್ಗೆ ಬೇಸರವಿದೆ' ಅಂತ ಇತ್ತು. ಈಗ ಎರಡು 'ನ' ನಡುವೆ ಅಪ್ಪ ಒಂದು ಉಸಿರು ಬಿಡುತ್ತಾರೆ.

ತಿಪಟೂರು ಡಿಟಿಪಿ

ಹ್ಹಹ್ಹ. ನಮ್ಮ ಕಡೆ ಒಂದು ತೊಂದರೆ. ಸ್ಟಿಕಿ ಕೀಸ್ ತನ್ನಷ್ಟಕ್ಕೆ ಆಫ್ ಆಗಿಬಿಡುತ್ತದೆ. ತಮ್ಮ ಊಟಕ್ಕೆ ಹೋಗಿ ಬರುವಷ್ಟರಲ್ಲಿ ಇರುವುದಿಲ್ಲ. ದಿನಕ್ಕೆ ಹತ್ತು ಸಲ ಆನ್ ಮಾಡಬೇಕು.

ಮಧುಗಿರಿ ರಿಪೇರಿ

ಅವನು ಊಟಕ್ಕೆ ಹೋದಾಗ ಆ ಸಿಸ್ಟಮ್ ಮುಂದೆ ಕೂರುವವರು ಯಾರು? ನೀವೇ ಅಲ್ವಾ?

ನೀವು ಎರಡು ಕೈಯಲ್ಲಿ ಶಿಫ್ಟ್ ಹಿಡಿದು ಎಲ್ ಒತ್ತುತ್ತೀರಿ. ಎರಡು ಕೀ ಒಟ್ಟಿಗೆ ಬಿದ್ದರೆ, ಇವನಿಗೆ ಇದು ಬೇಕಿಲ್ಲ ಅಂದುಕೊಂಡು ಅದು ಆಫ್ ಆಗುತ್ತದೆ. ಮೊದಲಿನಿಂದ ಹಾಗೇ ಸೆಟ್ ಆಗಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ, ಎರಡು ಕೀ ಒಟ್ಟಿಗೆ ಒತ್ತಿದಾಗ ನಿಲ್ಲಿಸು ಅನ್ನುವ ಅರ್ಥದ ಒಂದು ಸಾಲು ಇದೆ, ಅದರ ಟಿಕ್ ತೆಗೆಯಿರಿ. ಇನ್ನೂ ಒಳ್ಳೆಯದು ಅಂದರೆ ಅವನಿಗೇ ಬೇರೆ ಯೂಸರ್ ಅಕೌಂಟ್ ಮಾಡಿಕೊಡಿ. ಅವನ ಸೆಟ್ಟಿಂಗ್ ಅವನಿಗೆ, ನಿಮ್ಮದು ನಿಮಗೆ.

ಚಿಂತಾಮಣಿ ಪದವೀಧರೆ

ತಡವಾಗಿ ಬಂದೆ. ನನಗೆ ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ. ಕೈ ನಾನು ಹೇಳಿದ ಕಡೆ ಹೋಗುವುದಿಲ್ಲ, ಒಂದು ಕೀ ಅಂದರೆ ಮೂರು ಕೀ ತಾಗುತ್ತವೆ. ಮೇಷ್ಟ್ರ ಮಗಳಿಗೂ ಇದು ಉಪಯೋಗ ಆಗಬಹುದು ಅಂತ ಬರೆಯುತ್ತಿದ್ದೇನೆ.

ಕೀಗಾರ್ಡ್ ಅಂತ ಇದೆ. ಕೀಬೋರ್ಡ್ ಮೇಲೆ ಕೂರುವ ಗಟ್ಟಿ ಹಾಳೆ, ಪ್ರತಿ ಕೀಗೂ ಒಂದು ತೂತು. ಅಂಗೈಯನ್ನು ಹಾಳೆ ಮೇಲೆ ಊರಬಹುದು, ಏನೂ ಒತ್ತಿಕೊಳ್ಳುವುದಿಲ್ಲ. ತೂತಿನೊಳಗೆ ಬೆರಳು ಇಳಿಸಿದರೆ ಮಾತ್ರ ಅಕ್ಷರ. ನಾನು ಕೊಂಡಿಲ್ಲ, ಮಾಡಿಸಿದ್ದು. ನಾಮಫಲಕಕ್ಕೆ ಅಕ್ರಿಲಿಕ್ ಕತ್ತರಿಸುತ್ತಾರಲ್ಲ, ಆ ಅಂಗಡಿಯಲ್ಲಿ. ಕೀಬೋರ್ಡನ್ನೇ ಕೊಟ್ಟು ಅಳತೆ ತೆಗೆಸಿದೆ. ಮೊದಲ ಸಲ ಸ್ಪೇಸ್‌ಬಾರಿಗೆ ಗುಂಡು ತೂತು ಮಾಡಿಟ್ಟಿದ್ದರು, ಎರಡನೇ ಸಲ ಸರಿ ಬಂತು.

ಮೌಸ್ ನನಗೆ ಆಗುವುದೇ ಇಲ್ಲ. ಎಡಗಡೆಯ ಆಲ್ಟ್, ಎಡಗಡೆಯ ಶಿಫ್ಟ್, ನಮ್ ಲಾಕ್ ಮೂರೂ ಸೇರಿದರೆ ಮೌಸ್ ಕೀಸ್ ಆನ್. ನಂಬರ್ ಪ್ಯಾಡಿನ 8 ಮೇಲಕ್ಕೆ, 2 ಕೆಳಕ್ಕೆ, 4 ಎಡಕ್ಕೆ, 6 ಬಲಕ್ಕೆ. 5 ಒತ್ತಿದರೆ ಕ್ಲಿಕ್, ಪ್ಲಸ್ ಒತ್ತಿದರೆ ಡಬಲ್ ಕ್ಲಿಕ್. ಎಳೆದುಕೊಂಡು ಹೋಗಬೇಕಾದರೆ 0, ಬಿಡಲು ಚುಕ್ಕಿ. ಡಿಟಿಪಿ ಅಣ್ಣ, ನಿಮ್ಮ ತಮ್ಮನಿಗೆ ಬಿಡಿಯಾಗಿ ಯುಎಸ್‌ಬಿ ನಂಬರ್ ಪ್ಯಾಡ್ ತಂದು ಎಡಗಡೆ ಇಟ್ಟುಕೊಡಿ. ಕೀಬೋರ್ಡಿನಲ್ಲಿರುವುದು ಬಲಗಡೆ, ಅವರಿಗೆ ದೂರ ಆಗುತ್ತದೆ.

ಇಷ್ಟೆಲ್ಲ ಕಲಿತು ಒಂದು ಕಂಪ್ಯೂಟರ್ ಪರೀಕ್ಷೆಗೆ ಹೋದೆ. ಊರು, ಕೇಂದ್ರದ ಹೆಸರು ಬೇಡ. ಸೆಟ್ಟಿಂಗ್ಸ್ ಮುಟ್ಟಬಾರದು ಅಂದರು. ಕೀಗಾರ್ಡ್ ನೋಡಿ ಕಾಪಿ ಹೊಡೆಯುವ ವಸ್ತು ಅಂದುಕೊಂಡರು. 'ಅಷ್ಟು ಕಷ್ಟ ಇದ್ದರೆ ಯಾಕಮ್ಮ ಬಂದೆ' ಅಂದರು ಒಬ್ಬರು.

ಹಳೇ ಟೈಪಿಸ್ಟ್, ಕೋಲಾರ

ಹಾಗೆ ಹೇಳಲು ಅವರಿಗೆ ಅಧಿಕಾರ ಇಲ್ಲಮ್ಮ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. ಪರೀಕ್ಷೆ ಬಗ್ಗೆ 2018ರಲ್ಲಿ ಕೇಂದ್ರದ ಮಾರ್ಗಸೂಚಿ ಬಂದಿತ್ತು, 2025ರಲ್ಲಿ ಅದರ ಬದಲು ಹೊಸದು ಬಂದಿದೆ. 2018ರದರಲ್ಲಿ ಬರವಣಿಗೆಗೆ ತೊಂದರೆ ಇರುವವರಿಗೆ ಗಂಟೆಗೆ ಕಡಿಮೆ ಅಂದರೂ 20 ನಿಮಿಷ ಹೆಚ್ಚು ಸಮಯ ಅಂತ ಇತ್ತು. ಕಂಪ್ಯೂಟರಿನಲ್ಲಿ ಪರೀಕ್ಷೆ ಆದರೆ ಒಂದು ದಿನ ಮೊದಲೇ ಸಿಸ್ಟಮ್ ಪರೀಕ್ಷಿಸಿ ನೋಡಲು ಬಿಡಬೇಕು ಅಂತ ಇತ್ತು. ಸ್ವಂತ ಲ್ಯಾಪ್‌ಟಾಪ್ ಬಿಡುವುದಿಲ್ಲ, ಆದರೆ ಕೀಬೋರ್ಡ್, ವಿಶೇಷ ಮೌಸ್ ಥರದ ಸಾಮಾನು ತರಬಹುದು ಅಂತಲೂ ಇತ್ತು. ಮುಂದಿನ ಸಲ ಅರ್ಜಿ ಹಾಕುವಾಗಲೇ ಬರವಣಿಗೆಯಲ್ಲಿ ಕೇಳಿ, ಸ್ವೀಕೃತಿ ತಗೊಳ್ಳಿ. ಆ ದಿನ ಬಾಗಿಲಲ್ಲಿ ನಿಂತು ವಾದ ಮಾಡಿದರೆ ನಿಮ್ಮ ಸಮಯವೇ ಹೋಗುತ್ತದೆ. ಬೇಕಾದರೆ ಪತ್ರ ನಾನು ಬರೆದುಕೊಡುತ್ತೇನೆ, ನನಗೆ ಇನ್ನೇನು ಕೆಲಸ.

ಚಿಂತಾಮಣಿ ಪದವೀಧರೆ

ಬರೆದುಕೊಡಿ ಸರ್. ಆದರೆ ಟೈಪ್ ನಾನೇ ಮಾಡುತ್ತೇನೆ.

ಬಂಗಾರಪೇಟೆ ಗೇಮರ್

ಎಂಟರಲ್ಲಿ ಏಳು ಆನ್ ಮಾಡಿ ಬಂದೆ. ಒಂದರಲ್ಲಿ ನಾನು ಆಡುತ್ತೇನೆ, ಅದನ್ನು ಬಿಟ್ಟುಬಿಡಿ ರಿಪೇರಿ ಅಣ್ಣ.

ತಿಪಟೂರು ಡಿಟಿಪಿ ತಮ್ಮ

ನಮಸ್ಕಾರ. ನಾನು ಆ ತಮ್ಮ. ಅಕೌಂಟ್ ಬೇರೆ ಮಾಡಿಕೊಂಡೆ, ಕಂಪ್ಯೂಟರಿನಲ್ಲೂ ಇಲ್ಲೂ. ಇದನ್ನು ಎಡಗೈಯಲ್ಲೇ ಹೊಡೆಯುತ್ತಿದ್ದೇನೆ.

ಇನ್‌ಸ್ಕ್ರಿಪ್ಟ್ ನಾನು ಕಲಿಯುವುದಿಲ್ಲ ಸರ್. ನುಡಿ ನನ್ನ ಬೆರಳಿಗೆ ಅಂಟಿದೆ, ಬಲಗೈಯ ಅಕ್ಷರಗಳೂ ತಲೆಯಲ್ಲಿ ಹಾಗೇ ಇವೆ. ಎಡಗೈಗೆ ಜಾಗ ಹೇಳಿಕೊಟ್ಟರೆ ಸಾಕು. ಶಿಫ್ಟ್ ಒತ್ತಿದಾಗೆಲ್ಲ ಟುಕ್ ಅನ್ನುವ ಶಬ್ದ ಅಣ್ಣನಿಗೆ ಕಿರಿಕಿರಿ ಅಂತೆ, ಆಫ್ ಮಾಡು ಅನ್ನುತ್ತಾನೆ. ನನಗೆ ಅದು ಬೇಕು. ಆ ಶಬ್ದ ಬಂದರೆ ಶಿಫ್ಟ್ ಕೂತಿದೆ ಅಂತ ಗೊತ್ತಾಗುತ್ತದೆ, ಸ್ಕ್ರೀನಿನ ಮೂಲೆ ನೋಡಬೇಕಿಲ್ಲ. ಕಿವಿಯಲ್ಲೇ ಓದುವವರು ಹೇಳಿದ್ದು ಆಗ ಅರ್ಥವಾಯಿತು.

ನಂಬರ್ ಪ್ಯಾಡ್ ತಂದೆವು. ಪೇಜ್‌ಮೇಕರ್‌ನಲ್ಲಿ ಗಣಪತಿ ಚಿತ್ರವನ್ನು ಪತ್ರಿಕೆಯ ನಡುಮಧ್ಯಕ್ಕೆ ಕೂರಿಸಲು ಮೌಸಿಗಿಂತ ಇದೇ ಚೆನ್ನಾಗಿದೆ, ಕೂದಲೆಳೆಯಷ್ಟೇ ಸರಿಯುತ್ತದೆ. ಉದ್ದ ದೂರಕ್ಕೆ ಮಾತ್ರ ಆಮೆ. ಅದರ ವೇಗ ಹೆಚ್ಚಿಸುವುದು ಎಲ್ಲಿ ಅಂತ ಯಾರಾದರೂ ಹೇಳಿ.

ಚಿಂತಾಮಣಿ ಪದವೀಧರೆ

ವಿಂಡೋಸ್ ಕೀ ಮತ್ತು ಯು. ಅಲ್ಲಿ ಮೌಸ್ ಅನ್ನುವುದನ್ನು ತೆರೆಯಿರಿ, ಮೌಸ್ ಕೀಸ್ ಕೆಳಗೇ ವೇಗದ ಪಟ್ಟಿ ಇದೆ. ಕಂಟ್ರೋಲ್ ಹಿಡಿದರೆ ವೇಗ, ಶಿಫ್ಟ್ ಹಿಡಿದರೆ ನಿಧಾನ ಅನ್ನುವ ಆಯ್ಕೆಯೂ ಇದೆ, ಟಿಕ್ ಹಾಕಿಕೊಳ್ಳಿ. ಒಂದೇ ಸಲಕ್ಕೆ ಪೂರ್ತಿ ಏರಿಸಬೇಡಿ, ಗಣಪತಿ ಪತ್ರಿಕೆ ಬಿಟ್ಟು ಓಡುತ್ತಾನೆ.